ಮೊಳಕ್ಕೊಂದು ಸೆಕೆಂಡು

ನಮ್ಮ ಊರಿಗೆ ವರ್ಷಕ್ಕೊಮ್ಮೆ, ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ಸರಿಯಾಗಿ, ಟೂರಿಂಗ್ ಟಾಕೀಸು ಬಂದಿಳಿಯುತ್ತಿತ್ತು. 1960ರ ದಶಕದ ಮೊದಲ ವರ್ಷಗಳ ಮಾತು ಇದು. ಕೆರೆಯ ಹಿಂದಿನ ಬಯಲಿನಲ್ಲಿ ಡೇರೆ ಎದ್ದಿತೆಂದರೆ ನಮ್ಮಂಥ ಹುಡುಗರಿಗೆ ಪಾಠ ರುಚಿಸುತ್ತಿರಲಿಲ್ಲ. ನಮ್ಮ ತಂದೆಯವರು ಅದೇ ಶಾಲೆಯಲ್ಲಿ ಮೇಷ್ಟರಾಗಿದ್ದುದರಿಂದ ನನಗೆ ಮಾತ್ರ ರುಚಿಸಿದಂತೆ ನಟಿಸುವ ಹೆಚ್ಚಿನ ಕಷ್ಟವೂ ಇತ್ತು. ಡೇರೆಯೊಳಗೆ ಮುಂದೆ ಮರಳಿನ ನೆಲ, ಅದರ ಹಿಂದೆ ಬೆಂಚು, ಅದಕ್ಕೂ ಹಿಂದೆ ಮಡಿಸುವ ಕುರ್ಚಿ. ಇದ್ದುದು ಒಂದೇ ಯಂತ್ರ. ಆದುದರಿಂದ ಒಂದೊಂದು ಭಾಗ ಮುಗಿದಾಗಲೂ ದೀಪ ಹತ್ತುತ್ತಿತ್ತು. ಆಗ ಹಿರಿಯರು ಬೀಡಿ ಹಚ್ಚುತ್ತಿದ್ದರು, ತಾಯಂದಿರು ಮಕ್ಕಳನ್ನು ಎಣಿಸಿಕೊಳ್ಳುತ್ತಿದ್ದರು, ನಾವು ಯಂತ್ರವಿದ್ದ ತಗಡಿನ ಕೋಣೆಯ ಬಳಿಗೆ ಓಡುತ್ತಿದ್ದೆವು.

ಅಲ್ಲಿದ್ದಾತನನ್ನು ನಾವೆಲ್ಲ ಆಪರೇಟರಣ್ಣ ಎಂದು ಕರೆಯುತ್ತಿದ್ದೆವು. ಫಿಲ್ಮು ಹರಿದಾಗ ಆತ ಹರಿದ ತುದಿಗಳನ್ನು ಕತ್ತರಿಸಿ, ಬ್ಲೇಡಿನಿಂದ ಕೆರೆದು, ಅಂಟು ಹಚ್ಚಿ ಕೂಡಿಸುತ್ತಿದ್ದ. ಕತ್ತರಿಸಿದ ತುಂಡುಗಳು ನಮ್ಮ ಪಾಲು. ಹಾಳಾದ ವಿದ್ಯುದ್ದೀಪದ ಬುರುಡೆಯನ್ನು ಬುಡದಲ್ಲಿ ಒಡೆದು, ಒಳಗೆ ನೀರು ತುಂಬಿ, ಅದರ ಮುಂದೆ ಆ ತುಂಡನ್ನು ತಲೆಕೆಳಗಾಗಿ ಹಿಡಿದು, ಕನ್ನಡಿಯಿಂದ ಬಿಸಿಲನ್ನು ಹಾಯಿಸಿದರೆ, ಕತ್ತಲೆ ಮಾಡಿದ ಅಡಿಗೆಮನೆಯ ಗೋಡೆಗೆ ಕಟ್ಟಿದ ಪಂಚೆಯ ಮೇಲೆ ರಾಜನೋ ರಾಕ್ಷಸನೋ ನಡುಗುತ್ತ ನಿಲ್ಲುತ್ತಿದ್ದ. ನಿಲ್ಲುತ್ತಿದ್ದನೇ ಹೊರತು ನಡೆಯುತ್ತಿರಲಿಲ್ಲ. ಅದೇ ನಮ್ಮ ಕೊರಗು.

ಒಂದು ದಿನ ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದರ ಕೆಳಗೊಂದು ಚೌಕ. ಪ್ರತಿ ಚೌಕದ ಅಂಚಿಗೆ ನಾಲ್ಕು ನಾಲ್ಕು ತೂತು. ಪಕ್ಕದಲ್ಲಿ ಹಾವಿನಂತೆ ನುಲಿಯುವ ಒಂದು ಬಿಳಿಯ ಗೆರೆ. ಚೌಕಗಳೆಲ್ಲ ಒಂದೇ ತೆರನಾಗಿದ್ದುವು.

"ಎಲ್ಲ ಒಂದೇ ಥರ ಇದೆಯಲ್ಲ ಆಪರೇಟರಣ್ಣ, ಇದು ನಡೆಯೋದು ಹೇಗೆ?" ಎಂದು ಕೇಳಿದೆ.

"ಒಂದೇ ಥರ ಇಲ್ಲ ಮರಿ. ವ್ಯತ್ಯಾಸ ನಿನ್ನ ಕಣ್ಣಿಗೆ ಕಾಣಲ್ಲ, ಮಿಷಿನ್ನಿಗೆ ಕಾಣುತ್ತೆ."

"ಈ ಗೆರೆ?"

"ಅದೇ ಮಾತು, ಹಾಡು, ಎಲ್ಲ."

ಆಮೇಲೆ ಆತ ಇನ್ನೊಂದು ವಿಷಯ ಹೇಳಿದ. ಸುರುಳಿಯಿಂದ ಫಿಲ್ಮನ್ನು ಎಳೆದು, ಸಂತೆಯಲ್ಲಿ ಹೂವಾಡಗಿತ್ತಿ ಮಲ್ಲಿಗೆ ಅಳೆಯುವಂತೆ ಮೊಳಕೈಯಿಂದ ಬೆರಳ ತುದಿಯವರೆಗೆ ಹಿಡಿದು, "ಒಂದು ಮೊಳಕ್ಕೆ ಒಂದು ಸೆಕೆಂಡು, ತಿಳಿಯಿತೋ?" ಎಂದ. ದೊಡ್ಡವನಾದ ಮೇಲೆ ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 24 ಚೌಕ. ಒಂದು ಅಡಿ ಫಿಲ್ಮಿಗೆ 16 ಚೌಕ. ಅಲ್ಲಿಗೆ ಸೆಕೆಂಡೊಂದಕ್ಕೆ ಒಂದೂವರೆ ಅಡಿ, ಅಂದರೆ ಸರಿಯಾಗಿ ಒಂದು ಮೊಳ. ಕಾಲವನ್ನು ಕೈಯಲ್ಲಿ ಅಳೆಯಬಹುದೆಂಬುದು ನನಗೆ ಗೊತ್ತಾದುದು ಆ ತಗಡಿನ ಕೋಣೆಯಲ್ಲಿ.

ಬಹಳ ವರ್ಷಗಳಾದ ಮೇಲೆ, ಇದೇ ಚೌಕ, ಇದೇ ಗೆರೆ, ಇದೇ ಮೊಳದ ಲೆಕ್ಕವನ್ನು ಹಿಡಿದುಕೊಂಡು ಬಾಳನ್ನೇ ಕಳೆದ ಕೆಲವರು ಪ್ರಪಂಚದಲ್ಲಿದ್ದರೆಂದು ಓದಿ ತಿಳಿದೆ. ಅವರಿಗೆ ಪ್ರಯೋಗಶೀಲ ಚಿತ್ರಕಾರರೆಂದು ಹೆಸರು. ಸಾಮಾನ್ಯ ನಿರ್ದೇಶಕ ನಮಗೆ ಫಿಲ್ಮು ಕಾಣದಂತೆ ಕಥೆಯನ್ನು ತೋರಿಸುತ್ತಾನೆ. ಇವರು ಕಥೆಯನ್ನು ಸರಿಸಿ ಫಿಲ್ಮನ್ನೇ ತೋರಿಸಿದರು. ಗುಡಿಗೆ ಹೋದವನು ದೇವರನ್ನು ನೋಡುತ್ತಾನೆ, ಕಲ್ಲನ್ನು ನೋಡುವುದಿಲ್ಲ. ಶಿಲ್ಪಿಗೆ ಮಾತ್ರ ಕಲ್ಲಿನ ಮೇಲೂ ಕಣ್ಣು. ಈ ಚಿತ್ರಕಾರರು ನೋಡುವವರನ್ನೆಲ್ಲ ಸ್ವಲ್ಪ ಹೊತ್ತು ಶಿಲ್ಪಿಗಳನ್ನಾಗಿ ಮಾಡಬಯಸಿದವರು. ಅವರ ಚರಿತ್ರೆಯನ್ನು ನನಗೆ ತಿಳಿದಷ್ಟು ಇಲ್ಲಿ ಹೇಳಬೇಕೆಂದಿದ್ದೇನೆ.

ಈ ಆಟ ಸಿನಿಮಾದ ಜೊತೆಯಲ್ಲಿಯೇ ಹುಟ್ಟಿತು ಎನ್ನಬೇಕು. ಪ್ಯಾರಿಸಿನ ಗ್ರ್ಯಾಂಡ್ ಕೆಫೆಯಲ್ಲಿ ಲೂಮಿಯೇರ್ ಸೋದರರು ಹಣ ಪಡೆದು ಸಾರ್ವಜನಿಕರಿಗೆ ಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಮಾರನೆಯ ವರ್ಷವೇ ಅವರು ಒಂದು ಗೋಡೆ ಕೆಡವುವ ಚಿತ್ರ ತೆಗೆದರು. ಕೂಲಿಗಳು ನೂಕುತ್ತಾರೆ, ಗೋಡೆ ಬೀಳುತ್ತದೆ, ಧೂಳೇಳುತ್ತದೆ; ಇಷ್ಟೇ. ಆದರೆ ಅದನ್ನು ಹಿಂದುಮುಂದಾಗಿ ಓಡಿಸಿ ತೋರಿಸಿದಾಗ ಧೂಳು ನೆಲಕ್ಕಿಳಿದು, ಬಿದ್ದ ಗೋಡೆ ತಾನೇ ಎದ್ದು ನಿಂತಿತು. ಕಥೆಯೇ ಇಲ್ಲದ ಆ ಚಿತ್ರದಲ್ಲಿ ಜನ ಬೆರಗಾದದ್ದು ಗೋಡೆಯನ್ನು ಕಂಡಲ್ಲ. ಕಾಲ ಹಿಂದಕ್ಕೆ ಹರಿದುದನ್ನು ಕಂಡು. ಯಂತ್ರಕ್ಕೆ ತನ್ನದೇ ಒಂದು ಶಕ್ತಿಯಿದೆ, ಅದು ಲೋಕದ ಬರಿಯ ಪ್ರತಿಬಿಂಬವಲ್ಲ ಎಂಬುದು ಅಂದೇ ಗೊತ್ತಾಯಿತು.

ಆಮೇಲೆ ಕಥೆ ಬಂತು, ತಾರೆಯರು ಬಂದರು, ಹಣ ಬಂತು. ಯಂತ್ರದ ಗುಟ್ಟು ಕಥೆಯ ಬೆನ್ನ ಹಿಂದೆ ಅಡಗಿತು. ಅದನ್ನು ಮತ್ತೆ ಎಳೆದು ತಂದವರಲ್ಲಿ ಪ್ಯಾರಿಸಿನಲ್ಲಿ ನೆಲಸಿದ್ದ ಅಮೆರಿಕದ ಕಲಾವಿದ ಮ್ಯಾನ್ ರೇ ಒಬ್ಬ. 1923ರ ಜುಲೈ ತಿಂಗಳಲ್ಲಿ ಅವನ ದಾದಾ ಪಂಥದ ಗೆಳೆಯರು ಒಂದು ಸಂಜೆಯ ಕಾರ್ಯಕ್ರಮಕ್ಕೆ ಅವನ ಚಿತ್ರವೂ ಇದೆಯೆಂದು ಅವನನ್ನು ಕೇಳದೆಯೇ ಸಾರಿಬಿಟ್ಟರಂತೆ. ಇದ್ದುದು ಒಂದೇ ರಾತ್ರಿ. ಕತ್ತಲೆಯ ಕೋಣೆಯಲ್ಲಿ ಫಿಲ್ಮಿನ ಪಟ್ಟಿಗಳನ್ನು ಹಾಸಿ, ಅಡಿಗೆಯವನು ಒಗ್ಗರಣೆಗೆ ಉದುರಿಸುವಂತೆ ಕೆಲವುಗಳ ಮೇಲೆ ಉಪ್ಪು ಮೆಣಸು ಉದುರಿಸಿದ. ಕೆಲವುಗಳ ಮೇಲೆ ಗುಂಡುಸೂಜಿ, ಕೆಲವುಗಳ ಮೇಲೆ ಮೊಳೆ. ಕ್ಷಣಕಾಲ ದೀಪ ಹಾಕಿ ತೆಗೆದು, ಪಟ್ಟಿಗಳನ್ನು ಸಂಸ್ಕರಿಸಿ, ತನ್ನಲ್ಲಿದ್ದ ಬೇರೆ ಕೆಲವು ತುಣುಕುಗಳೊಡನೆ ಅಂಟಿಸಿದ. ತೆರೆಯ ಮೇಲೆ ಬಿಳಿಯ ಚುಕ್ಕೆಗಳು ಹಿಮದಂತೆ ಸುರಿದುವು, ದೊಡ್ಡ ಮೊಳೆಗಳು ಕುಣಿದುವು. ನಡುವೆ ಎರಡು ಸಲ ಫಿಲ್ಮು ಹರಿಯಿತು, ಸಭೆಯಲ್ಲಿ ಗಲಾಟೆಯಾಯಿತು. ಮೂರು ನಿಮಿಷವೂ ಇಲ್ಲದ ಆ ಚಿತ್ರಕ್ಕೆ ಅವನಿಟ್ಟ ಹೆಸರು 'ವಿವೇಕಕ್ಕೆ ಮರಳುವಿಕೆ' ಎಂಬರ್ಥದ್ದು! ಕ್ಯಾಮೆರಾ ಇಲ್ಲದೆಯೂ ಸಿನಿಮಾ ಸಾಧ್ಯವೆಂಬುದಕ್ಕೆ ಅದರ ಹಲವು ಮೊಳಗಳೇ ಸಾಕ್ಷಿ.

ಅದೇ ಕಾಲದಲ್ಲಿ ರಷ್ಯದಲ್ಲಿ ಒಬ್ಬಾತ ಇನ್ನೂ ದೊಡ್ಡ ಹಂಬಲವನ್ನು ಹೊತ್ತಿದ್ದ. ಜೀಗಾ ವೆರ್ಟೋವ್ ಎಂಬುದು ಅವನು ತಾನೇ ಇಟ್ಟುಕೊಂಡ ಹೆಸರು. 1929ರಲ್ಲಿ ಹೊರಬಂದ ಅವನ 'ಕ್ಯಾಮೆರಾ ಹಿಡಿದ ಮನುಷ್ಯ' ಎಂಬ ಚಿತ್ರದಲ್ಲಿ ನಟರಿಲ್ಲ, ಕಥೆಯಿಲ್ಲ, ನಡುನಡುವೆ ಬರೆದು ತೋರಿಸುವ ವಾಕ್ಯಗಳೂ ಇಲ್ಲ. ಮೊದಲಿಗೆ ಒಂದು ಬರಿದಾದ ಚಿತ್ರಮಂದಿರ, ಕುರ್ಚಿಗಳು ತಾವಾಗಿಯೇ ಮಡಿಕೆ ಬಿಚ್ಚಿಕೊಳ್ಳುತ್ತವೆ, ಜನ ಬಂದು ಕೂರುತ್ತಾರೆ, ಯಂತ್ರ ತಿರುಗುತ್ತದೆ. ಆಮೇಲೆ ಒಂದು ನಗರದ ಹಗಲು. ಆದರೆ ಆ ಹಗಲನ್ನು ಹಿಡಿಯುತ್ತಿರುವ ಕ್ಯಾಮೆರಾದವನೂ ಚಿತ್ರದೊಳಗೇ ಇದ್ದಾನೆ. ಅವನು ವೆರ್ಟೋವನ ತಮ್ಮ ಮಿಖಾಯಿಲ್ ಕೌಫ್ಮನ್. ನಡುವೆ ಓಡುತ್ತಿದ್ದ ಕುದುರೆ ಥಟ್ಟನೆ ನಿಂತುಬಿಡುತ್ತದೆ. ಮುಖಗಳು ನಿಲ್ಲುತ್ತವೆ. ನೋಡನೋಡುತ್ತ ಅವು ಫಿಲ್ಮಿನ ಪಟ್ಟಿಯ ಮೇಲಿನ ಚೌಕಗಳಾಗಿಬಿಡುತ್ತವೆ. ಒಬ್ಬ ಹೆಂಗಸು ಮೇಜಿನ ಮುಂದೆ ಕುಳಿತು ಆ ಪಟ್ಟಿಗಳನ್ನು ಆರಿಸಿ, ಕತ್ತರಿಸಿ, ಕೂಡಿಸುತ್ತಿದ್ದಾಳೆ. ಆಕೆ ವೆರ್ಟೋವನ ಹೆಂಡತಿ ಎಲಿಜವೇಟಾ ಸ್ವಿಲೋವಾ, ಚಿತ್ರದ ನಿಜವಾದ ಸಂಕಲನಕಾರ್ತಿ. ನಾನು ಆ ಭಾಗವನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾದುದು ಆಪರೇಟರಣ್ಣನ ಬ್ಲೇಡು ಮತ್ತು ಅಂಟು. 'ವ್ಯತ್ಯಾಸ ಮಿಷಿನ್ನಿಗೆ ಕಾಣುತ್ತೆ' ಎಂದಿದ್ದನಲ್ಲ. ಅದನ್ನೇ ವೆರ್ಟೋವನು ಸಿದ್ಧಾಂತವಾಗಿ ಸಾರಿದ್ದ. ಮನುಷ್ಯನ ಕಣ್ಣಿಗಿಂತ ಯಂತ್ರದ ಕಣ್ಣು ಹೆಚ್ಚು ನೋಡಬಲ್ಲದೆಂಬುದು ಅವನ ನಂಬಿಕೆ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ 2012ರಲ್ಲಿ ಜಗತ್ತಿನ ವಿಮರ್ಶಕರ ಮತ ಕೇಳಿದಾಗ, ಎಲ್ಲ ಕಾಲದ ಚಿತ್ರಗಳಲ್ಲಿ ಇದಕ್ಕೆ ಎಂಟನೆಯ ಸ್ಥಾನ ದೊರೆಯಿತು.

ಇನ್ನು ಫಿಲ್ಮಿನ ಮೇಲೆ ನೇರವಾಗಿ ಕೈಯಿಟ್ಟವರು. ನ್ಯೂಜಿಲೆಂಡಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ಲೆನ್ ಲೈ 1935ರಲ್ಲಿ ಬರಿಯ ಫಿಲ್ಮಿನ ಮೇಲೆ ಬಣ್ಣ ಬಳಿದು 'ಎ ಕಲರ್ ಬಾಕ್ಸ್' ಎಂಬ ನಾಲ್ಕು ನಿಮಿಷದ ಚಿತ್ರ ಮಾಡಿದ. ಗೆರೆಗಳು, ಚುಕ್ಕೆಗಳು, ಅಲೆಗಳು ಕ್ಯೂಬಾದ ಕುಣಿತದ ಹಾಡಿಗೆ ತಕ್ಕಂತೆ ನಲಿಯುತ್ತವೆ. ಇದಕ್ಕೆ ಹಣ ಕೊಟ್ಟವರು ಯಾರೆಂದುಕೊಂಡಿರಿ? ಬ್ರಿಟನ್ನಿನ ಅಂಚೆಯ ಇಲಾಖೆ! ಕೊನೆಯಲ್ಲಿ ಪಾರ್ಸೆಲ್ಲಿನ ದರವನ್ನು ಸಾರುವ ನಾಲ್ಕು ಮಾತು ಸೇರಿಸಿದ್ದರಿಂದ ಅದು ಸರಕಾರೀ ಪ್ರಚಾರಚಿತ್ರವೂ ಆಯಿತು. ಅದೇ ಲೆನ್ ಲೈ 1958ರಲ್ಲಿ ಬಣ್ಣವನ್ನೂ ಬಿಟ್ಟು, ಕಪ್ಪು ಫಿಲ್ಮನ್ನು ಸೂಜಿಯಂಥ ಮೊನೆಗಳಿಂದ ಗೀರಿ 'ಫ್ರೀ ರ್‍ಯಾಡಿಕಲ್ಸ್' ಎಂಬುದನ್ನು ಮಾಡಿದ. ಗೀರಿದಲ್ಲೆಲ್ಲ ಬೆಳಕು. ಹಳೆಯ ಪ್ರತಿಯೊಂದರಲ್ಲಿ ಗೀರು ಬಿದ್ದರೆ ನಾವು ಗೊಣಗುತ್ತೇವೆ. ಅವನಿಗೆ ಗೀರೇ ಚಿತ್ರ.

ಸ್ಕಾಟ್ಲೆಂಡಿನ ನಾರ್ಮನ್ ಮೆಕ್ಲಾರೆನ್ 1941ರಲ್ಲಿ ಕೆನಡಾದ ರಾಷ್ಟ್ರೀಯ ಚಿತ್ರಮಂಡಲಿಯನ್ನು ಸೇರಿ, ಅಲ್ಲಿಯೇ ಬಾಳಿನ ಕೆಲಸವನ್ನೆಲ್ಲ ಮಾಡಿದ. ಫಿಲ್ಮಿನ ಪಕ್ಕದಲ್ಲಿ ನುಲಿಯುವ ಆ ಬಿಳಿಯ ಗೆರೆಯ ಮೇಲೆಯೇ ಅವನ ಕಣ್ಣು ಬಿತ್ತು. ಧ್ವನಿಯನ್ನು ಯಂತ್ರ ಗೆರೆಯಾಗಿ ಬರೆಯುವುದಾದರೆ, ನಾನೇ ಕೈಯಿಂದ ಗೆರೆ ಬರೆದರೆ ಯಂತ್ರ ಅದನ್ನು ಧ್ವನಿಯಾಗಿ ಓದಬೇಕಲ್ಲವೆ ಎಂದುಕೊಂಡ. ಬರೆದ, ಓದಿತು. ಯಾವ ವಾದ್ಯದಿಂದಲೂ ಹುಟ್ಟದ, ಯಾವ ಕೊರಳಿನಿಂದಲೂ ಹೊರಡದ ಸಂಗೀತವದು. 1952ರ ಅವನ 'ನೇಬರ್ಸ್' ಚಿತ್ರದಲ್ಲಿ, ಬೇಲಿಯ ಬಳಿ ಅರಳಿದ ಒಂದು ಹೂವಿಗಾಗಿ ಇಬ್ಬರು ನೆರೆಯವರು ಹೊಡೆದಾಡಿ ಸಾಯುತ್ತಾರೆ. ಜೀವಂತ ಮನುಷ್ಯರನ್ನೇ ಬೊಂಬೆಗಳಂತೆ ಒಂದೊಂದು ಚೌಕಕ್ಕೆ ಒಂದೊಂದು ಭಂಗಿಯಲ್ಲಿ ನಿಲ್ಲಿಸಿ ತೆಗೆದದ್ದರಿಂದ ಅವರು ನೆಲದ ಮೇಲೆ ಕಾಲೆತ್ತದೆ ಜಾರುತ್ತಾರೆ. ನಗು ಬರುವಂತೆ ಆರಂಭವಾಗಿ ಎದೆ ಝಲ್ಲೆನ್ನುವಂತೆ ಮುಗಿಯುವ ಆ ಎಂಟು ನಿಮಿಷಕ್ಕೆ ಆಸ್ಕರ್ ಬಹುಮಾನ ಬಂತು. ಈ ಮೆಕ್ಲಾರೆನ್ 1950ರ ದಶಕದಲ್ಲಿ ಯುನೆಸ್ಕೋ ಪರವಾಗಿ ನಮ್ಮ ದೇಶಕ್ಕೂ ಬಂದು, ಕೈಯಲ್ಲಿ ಬರೆಯುವ ಚಿತ್ರಗಳ ವಿದ್ಯೆಯನ್ನು ಕಲಿಸಿ ಹೋದ.

ಇಷ್ಟರವರೆಗೆ ತೆರೆಯ ಮೇಲೆ ಚುಕ್ಕೆಯೋ ಗೆರೆಯೋ ಏನೋ ಒಂದಿತ್ತು. ಅದೂ ಬೇಡವೆಂದವನು ವಿಯೆನ್ನಾದ ಪೀಟರ್ ಕುಬೆಲ್ಕಾ. ಅವನನ್ನು ತಿಳಿಯಬೇಕಾದರೆ ಯಂತ್ರದ ಒಂದು ಗುಟ್ಟನ್ನು ಹೇಳಬೇಕು. ಫಿಲ್ಮು ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಸರಿಯುವಾಗ ತೆರೆಯ ಮೇಲೆ ಮಸಕು ಕಾಣಬಾರದೆಂದು ತಿರುಗುವ ಒಂದು ರೆಕ್ಕೆ ಬೆಳಕನ್ನು ಮುಚ್ಚುತ್ತದೆ. ಬೆಳಕು ಮಿನುಗಿದಂತೆ ಕಾಣಬಾರದೆಂದು ಚೌಕ ನಿಂತಿರುವಾಗಲೂ ಇನ್ನೊಮ್ಮೆ ಮುಚ್ಚುತ್ತದೆ. ಸೆಕೆಂಡಿಗೆ 48 ಸಲ ಬೆಳಕು, ಅಷ್ಟೇ ಸಲ ಕತ್ತಲೆ. ಎರಡು ಗಂಟೆಯ ಚಿತ್ರಕ್ಕೆ ಟಿಕೇಟು ಕೊಂಡು ಹೋದ ನಾವು ಹೆಚ್ಚುಕಡಿಮೆ ಅರ್ಧದಷ್ಟು ಕಾಲ ಕಾರ್ಗತ್ತಲೆಯನ್ನು ನೋಡಿಕೊಂಡು ಬರುತ್ತೇವೆ! ಕತ್ತಲೆ ನಮಗೆ ಗೊತ್ತಾಗುವುದಿಲ್ಲ. ನಿಂತ ಚಿತ್ರಗಳನ್ನು ಮನಸ್ಸು ಹೊಲಿದುಕೊಂಡು ಚಲನೆಯೆಂದು ನಂಬುತ್ತದೆ. ಸಿನಿಮಾದ ಅಡಿಪಾಯವೇ ಬೆಳಕು ಮತ್ತು ಕತ್ತಲೆ, ಧ್ವನಿ ಮತ್ತು ಮೌನ. ಉಳಿದುದೆಲ್ಲ ಮೇಲಿನ ಕಟ್ಟಡ ಎಂದು ಕುಬೆಲ್ಕಾ ತೀರ್ಮಾನಿಸಿ, 1960ರಲ್ಲಿ ಬರಿಯ ಆ ನಾಲ್ಕರಿಂದಲೇ ಒಂದು ಚಿತ್ರವನ್ನು ಹೆಣೆದ. ತನ್ನ ಗೆಳೆಯನಾದ ಚಿತ್ರಕಾರ ಆರ್ನುಲ್ಫ್ ರೈನರನ ಹೆಸರನ್ನೇ ಅದಕ್ಕೆ ಇಟ್ಟ. ಅದರಲ್ಲಿರುವುದು 9,216 ಚೌಕ. ಕೆಲವು ಪೂರ್ತಿ ಬಿಳುಪು, ಕೆಲವು ಪೂರ್ತಿ ಕಪ್ಪು. ಕಾಲ 6 ನಿಮಿಷ 24 ಸೆಕೆಂಡು. ಆಪರೇಟರಣ್ಣನ ಲೆಕ್ಕದಲ್ಲಿ ಹೇಳುವುದಾದರೆ 384 ಮೊಳ.

ಇದನ್ನು ನಾನು ನೋಡಿದ್ದು ಬೆಂಗಳೂರಿಗೆ ನೌಕರಿಗೆ ಬಂದ ಮೇಲೆ, ಒಂದು ಚಿತ್ರಸಮಾಜದ ಸಂಜೆಯಲ್ಲಿ. ತೆರೆ ಮಿಂಚಿತು, ಆರಿತು, ಮತ್ತೆ ಮಿಂಚಿತು. ಮಳೆ ಸುರಿದಂಥ ಸದ್ದು ಬಂದು ಥಟ್ಟನೆ ನಿಂತಿತು. ಪಕ್ಕದಲ್ಲಿದ್ದ ವೃದ್ಧರು, "ಏನು ಸ್ವಾಮಿ, ಮಿಷಿನ್ ಕೆಟ್ಟಿತೆ?" ಎಂದು ಕೇಳಿದರು. "ಇಲ್ಲ, ಚಿತ್ರವೇ ಹೀಗಂತೆ" ಎಂದೆ. "ಹಾಗಾದರೆ ಕೆಟ್ಟಿರುವುದು ನಮ್ಮ ಗ್ರಹಚಾರ" ಎಂದು ಎದ್ದು ಹೋದರು. ಅವರ ಹಿಂದೆ ಹತ್ತಾರು ಮಂದಿ ಎದ್ದರು. ಕೂತಿದ್ದವರಲ್ಲಿ ನಾನೊಬ್ಬ, ರಸಿಕತನದಿಂದಲ್ಲ, ಹೊರಗೆ ಮಳೆ ಬರುತ್ತಿತ್ತು. ಮೂರು ನಾಲ್ಕು ನಿಮಿಷವಾದ ಮೇಲೆ ಒಂದು ವಿಚಿತ್ರವಾಯಿತು. ಬಿಳಿಯ ತೆರೆಯ ಮೇಲೆ ಇಲ್ಲದ ಬಣ್ಣಗಳು ಕಾಣತೊಡಗಿದುವು. ಮಿಂಚು ಬಂದಾಗಲೆಲ್ಲ ಅಕ್ಕಪಕ್ಕದವರ ಮುಖಗಳು, ಬರಿದಾದ ಕುರ್ಚಿಗಳು, ಸಭಾಂಗಣದ ಗೋಡೆಯೆಲ್ಲ ಬೆಳಗಿ ಮರೆಯಾಗುತ್ತಿದ್ದುವು. ಅಷ್ಟು ವರ್ಷ ಸಿನಿಮಾ ನೋಡಿದ್ದೆ. ನಾನು ಎಲ್ಲಿ, ಯಾರ ಜೊತೆಯಲ್ಲಿ ಕುಳಿತಿದ್ದೇನೆಂದು ಸಿನಿಮಾವೇ ನನಗೆ ತೋರಿಸಿದ್ದು ಅದೇ ಮೊದಲು.

ಇದೆಲ್ಲ ಹುಚ್ಚಾಟವಲ್ಲವೆ ಎಂದು ಓದುಗರು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಇಂಥ ಚಿತ್ರಗಳಲ್ಲಿ ಬೇಸರದವು ಹಲವು, ಜಂಭದವು ಕೆಲವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅಮೆರಿಕದ ಟೋನಿ ಕಾನ್ರಾಡ್ 1966ರಲ್ಲಿ ಮಾಡಿದ 'ದಿ ಫ್ಲಿಕರ್' ಎಂಬುದು ಅರ್ಧ ಗಂಟೆಯ ಇಂಥದೇ ಮಿನುಗಾಟ. ಮೂರ್ಛೆರೋಗ ಉಳ್ಳವರು ನೋಡಬಾರದೆಂದು ಆರಂಭದಲ್ಲಿಯೇ ಎಚ್ಚರಿಕೆ ಬರೆದಿದೆ. ಆದರೆ ಸಂಗೀತಗಾರನು ಕೀರ್ತನೆಗೆ ಮೊದಲು ಶ್ರುತಿ ಹಿಡಿದು ಕುಳಿತಾಗ ನಾವು ಬೈಯುವುದಿಲ್ಲ. ಬರಿಯ ಷಡ್ಜದಲ್ಲಿಯೂ ಏನೋ ಇದೆಯೆಂದು ನಮ್ಮ ಕಿವಿಗೆ ಗೊತ್ತು. ಕಣ್ಣಿಗೆ ಆ ಅಭ್ಯಾಸ ಆಗಿಲ್ಲ, ಅಷ್ಟೇ.

ಹುಚ್ಚಾಟವಲ್ಲವೆಂದು ನನ್ನನ್ನು ಪೂರ್ತಿ ಒಪ್ಪಿಸಿದವನು ಅಮೆರಿಕದ ಸ್ಟಾನ್ ಬ್ರಾಕೇಜ್. ಅವನು ಹುಟ್ಟಿದ್ದು 1933ರಲ್ಲಿ. ಮುನ್ನೂರಕ್ಕೂ ಮಿಕ್ಕಿ ಚಿತ್ರ ಮಾಡಿದ. ಒಂದು ಕಾಲಕ್ಕೆ ಹೊಸ ಫಿಲ್ಮು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ದೀಪಕ್ಕೆ ಮುತ್ತಿ ಸತ್ತ ಪತಂಗಗಳು ಕಣ್ಣಿಗೆ ಬಿದ್ದುವು. ಅವುಗಳ ರೆಕ್ಕೆ, ಒಣಗಿದ ಎಲೆ, ಹುಲ್ಲಿನ ಎಸಳುಗಳನ್ನು ಎರಡು ಪಾರದರ್ಶಕ ಅಂಟುಪಟ್ಟಿಗಳ ನಡುವೆ ಒತ್ತಿ, ಅದನ್ನೇ ಮುದ್ರಿಸಿ 1963ರಲ್ಲಿ 'ಮಾತ್‌ಲೈಟ್' ಎಂಬ ಚಿತ್ರ ಮಾಡಿದ. ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ, ಸದ್ದಿಲ್ಲ. ದೀಪಕ್ಕೆ ಬಿದ್ದು ಸತ್ತ ರೆಕ್ಕೆಗಳು ಯಂತ್ರದ ದೀಪದ ಮುಂದೆ ಮತ್ತೆ ಬಡಿಯುತ್ತವೆ. ಗೋಡೆ ಎದ್ದು ನಿಂತ ಲೂಮಿಯೇರ್ ಚಿತ್ರಕ್ಕಿಂತ ಇದು ದೊಡ್ಡ ಪವಾಡವೆಂದು ನನಗೆ ತೋರಿತು. ಮುಂದೆ ಅವನು ದಶಕಗಳ ಕಾಲ ಫಿಲ್ಮಿನ ಮೇಲೆ ಬಣ್ಣ ಬಳಿದ. ಕೊನೆಗೆ ಮೂತ್ರಕೋಶದ ಅರ್ಬುದರೋಗ ಬಂತು. ತಾನು ಬಳಸಿದ ಬಣ್ಣಗಳೇ ಅದಕ್ಕೆ ಕಾರಣವೆಂದು ಅವನು ನಂಬಿದ್ದ. ಹಾಸಿಗೆ ಹಿಡಿದ ಮೇಲೆ, ಕಪ್ಪು ಫಿಲ್ಮಿನ ತುಂಡನ್ನು ಎಂಜಲಿನಿಂದ ನೆನೆಸಿ ಉಗುರಿನಿಂದ ಗೀರುತ್ತ ಒಂದು ಕೊನೆಯ ಚಿತ್ರವನ್ನು ಮಾಡುತ್ತಿದ್ದ. 2003ರ ಮಾರ್ಚಿಯಲ್ಲಿ ತೀರಿಕೊಂಡ. ಕ್ಯಾಮೆರಾ ಇಲ್ಲ, ಬಣ್ಣವಿಲ್ಲ, ಕುಂಚವಿಲ್ಲ. ಉಳಿದದ್ದು ಉಗುರು ಮತ್ತು ಫಿಲ್ಮು. ಇದನ್ನು ಆಟವೆನ್ನುವ ಧೈರ್ಯ ನನಗಿಲ್ಲ.

ಇನ್ನೊಬ್ಬನನ್ನು ಹೇಳದೆ ಮುಂದೆ ಹೋಗಲಾರೆ. ಆಂಥೊನಿ ಮೆಕ್ಕಾಲ್ ಎಂಬ ಇಂಗ್ಲೆಂಡಿನ ಕಲಾವಿದ 1973ರಲ್ಲಿ ಅರ್ಧ ಗಂಟೆಯ ಒಂದು ಚಿತ್ರ ಮಾಡಿದ. ಕಪ್ಪಿನ ಮೇಲೆ ಒಂದು ಬಿಳಿಯ ಚುಕ್ಕೆ ನಿಧಾನವಾಗಿ ಒಂದು ವೃತ್ತವನ್ನು ಬರೆಯುತ್ತದೆ, ಇಷ್ಟೇ. ಆದರೆ ನೋಡುವವರು ನೋಡಬೇಕಾದುದು ಗೋಡೆಯನ್ನಲ್ಲ. ಗೋಡೆಗೆ ಬೆನ್ನು ಹಾಕಿ ನಿಂತು, ಯಂತ್ರದಿಂದ ಹೊರಡುವ ಬೆಳಕನ್ನು. ಮೊದಲು ಅದೊಂದು ಗೆರೆ. ಬರಬರುತ್ತ ಟೊಳ್ಳಾದ ಒಂದು ಬೆಳಕಿನ ಶಂಕುವಾಗಿ ಕೋಣೆಯ ತುಂಬ ನಿಲ್ಲುತ್ತದೆ. ಜನ ಅದರೊಳಗೆ ಕೈಯಾಡಿಸುತ್ತಾರೆ, ಒಳಹೊಕ್ಕು ನಿಲ್ಲುತ್ತಾರೆ. ಒಮ್ಮೆ ಒಂದು ಚೊಕ್ಕಟವಾದ ಕಲಾಭವನದಲ್ಲಿ ತೋರಿಸಿದಾಗ ಆ ಶಂಕು ಕಾಣಲೇ ಇಲ್ಲವಂತೆ. ಹಿಂದೆ ತೋರಿಸಿದ ಜಾಗಗಳಲ್ಲಿ ಇದ್ದ ಧೂಳೂ ಸಿಗರೇಟಿನ ಹೊಗೆಯೂ ಅಲ್ಲಿರಲಿಲ್ಲ. ಇದನ್ನು ಓದಿ ನಾನು ಒಬ್ಬನೇ ನಕ್ಕೆ. ನಮ್ಮ ಡೇರೆಯಲ್ಲಿ ಬೀಡಿಯ ಹೊಗೆಗೆ ಬರವಿರಲಿಲ್ಲ. ಕಥೆ ಬೇಸರವಾದಾಗ ಮರಳ ಮೇಲೆ ಅಂಗಾತ ಮಲಗಿ, ತಲೆಯ ಮೇಲೆ ಹಾದುಹೋಗುವ ಆ ಬೆಳಕಿನ ಕೋಲುಗಳು ಹೊಗೆಯಲ್ಲಿ ಅಲುಗುವುದನ್ನು ನಾವು ಎಷ್ಟು ಹೊತ್ತು ನೋಡಿಲ್ಲ! ಅದೂ ಸಿನಿಮಾವೇ ಎಂದು ಹೇಳುವವರು ಇರಲಿಲ್ಲ, ಅಷ್ಟೇ.

ನಮ್ಮ ದೇಶದಲ್ಲಿಯೂ ಇಂಥ ಪ್ರಯೋಗ ನಡೆದದ್ದುಂಟು. ಅದೂ ಯಾರೂ ಎಣಿಸದ ಜಾಗದಲ್ಲಿ. ಕೇಂದ್ರ ಸರಕಾರ 1948ರಲ್ಲಿ ಸ್ಥಾಪಿಸಿದ ಫಿಲಂಸ್ ಡಿವಿಜನ್ ತಯಾರಿಸಿದ ವಾರ್ತಾಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ಪ್ರತಿ ಚಿತ್ರಮಂದಿರವೂ ತೋರಿಸಲೇಬೇಕಾಗಿತ್ತು. ಅಣೆಕಟ್ಟು, ಗೊಬ್ಬರ, ಕುಟುಂಬಯೋಜನೆ. ಅವು ಬಂದಾಗ ಕಡಲೆಕಾಯಿ ಕೊಳ್ಳಲು ಹೊರಗೆ ಹೋಗುವುದು ಪದ್ಧತಿ. ಆ ಸಂಸ್ಥೆಯಲ್ಲಿದ್ದ ಒರಿಸ್ಸಾದ ಪ್ರಮೋದ್ ಪತಿ 1968ರಲ್ಲಿ 'ಎಕ್ಸ್‌ಪ್ಲೋರರ್' ಎಂಬ ಚಿತ್ರ ಮಾಡಿದ. ವಿವರಿಸುವ ದನಿಯಿಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಚಿತ್ರಗಳು ಬಂದು ಹೋಗುತ್ತವೆ. 1972ರ 'ಆಬಿದ್' ಚಿತ್ರದಲ್ಲಿ ಕಲಾವಿದ ಆಬಿದ್ ಸುರತಿಯವರನ್ನು ಮೆಕ್ಲಾರೆನ್ ಮಾದರಿಯಲ್ಲಿಯೇ ಚೌಕ ಚೌಕವಾಗಿ ಹಿಡಿದಿದ್ದಾನೆ; ಕೋಣೆಯ ಗೋಡೆ ನೆಲವೆಲ್ಲ ಬಣ್ಣದಿಂದ ತುಂಬುತ್ತ ಹೋಗುತ್ತದೆ. ಅದೇ ಸಂಸ್ಥೆಯ ಎಸ್.ಎನ್.ಎಸ್. ಶಾಸ್ತ್ರಿಯವರು ಸಾಕ್ಷ್ಯಚಿತ್ರ ಮಾಡುವ ತಮ್ಮ ಕಸುಬನ್ನೇ ವಸ್ತುವಾಗಿಟ್ಟುಕೊಂಡು 1968ರಲ್ಲಿ ಒಂದು ಚಿತ್ರ ಮಾಡಿದರು. ಪತಿ 1975ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ. ನಾವು ಕಡಲೆಕಾಯಿ ಕೊಳ್ಳುತ್ತಿದ್ದಾಗ ತೆರೆಯ ಮೇಲೆ ಏನೇನು ಹಾದುಹೋಯಿತೋ ಎಂದು ಈಗ ಪೇಚಾಡುತ್ತೇನೆ.

ಪೇಚಾಟಕ್ಕೆ ಇದಕ್ಕಿಂತ ದೊಡ್ಡ ಕಾರಣವೂ ಉಂಟು. ಫಿಲ್ಮೆಂಬುದು ಬೆಳಕನ್ನು ಹಿಡಿಯುವ ಬೆಳ್ಳಿಯ ಲವಣವನ್ನು ಸರೇಸಿನಂಥ ಒಂದು ಪದರದಲ್ಲಿ ಕಲಸಿ ಹಚ್ಚಿದ ಪಟ್ಟಿ. 1950ರ ದಶಕದ ಆದಿಯವರೆಗೆ ಆ ಪಟ್ಟಿಗೆ ಬಳಸುತ್ತಿದ್ದುದು ನೈಟ್ರೇಟು. ಸುಲಭವಾಗಿ ಹೊತ್ತಿಕೊಳ್ಳುವ, ಹೊತ್ತದಿದ್ದರೆ ತಾನಾಗಿ ಕೊಳೆತು ಪುಡಿಯಾಗುವ ವಸ್ತು. ಅಮೆರಿಕದ ಬಿಲ್ ಮಾರಿಸನ್ 2002ರಲ್ಲಿ ಅಂಥ ಕೊಳೆತ ಹಳೆಯ ತುಣುಕುಗಳನ್ನೇ ಜೋಡಿಸಿ 'ಡೆಕೇಸಿಯಾ' ಎಂಬ ಚಿತ್ರ ಮಾಡಿದ. ಅದರಲ್ಲಿ ಒಬ್ಬ ಮುಷ್ಟಿಮಲ್ಲನಿದ್ದಾನೆ. ಅವನೆದುರಿಗೆ ಇದ್ದದ್ದು ಕೊಳೆತು ಹೋಗಿ, ಉಕ್ಕಿ ಬರುವ ಕಪ್ಪು ಬಿಳುಪಿನ ಒಂದು ಕಲೆಯಾಗಿದೆ. ಅವನು ಆ ಕಲೆಯನ್ನೇ ಗುದ್ದುತ್ತಿದ್ದಾನೆ. ಸತ್ತು ಎಷ್ಟೋ ಕಾಲವಾದ ಮನುಷ್ಯ ತನ್ನನ್ನು ನುಂಗಬರುತ್ತಿರುವ ಮರವೆಯೊಡನೆ ಹೋರಾಡುವುದನ್ನು ಕಂಡು ನನಗೆ ಮಾತು ಹೊರಡಲಿಲ್ಲ.

ನಮ್ಮಲ್ಲಿ ಆ ಹೋರಾಟಕ್ಕೂ ಅವಕಾಶ ಸಿಕ್ಕಲಿಲ್ಲ. ಮೂಕಿಯ ಕಾಲದಲ್ಲಿ ಭಾರತದಲ್ಲಿ ತಯಾರಾದ ಸಾವಿರಕ್ಕೂ ಮಿಕ್ಕ ಚಿತ್ರಗಳಲ್ಲಿ ಉಳಿದಿರುವುವು ಬೆರಳೆಣಿಕೆಯವು. 1931ರ ಮೊದಲ ವಾಕ್ಚಿತ್ರ 'ಆಲಂ ಆರಾ' ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ, 1934ರಲ್ಲಿ ವೈ.ವಿ. ರಾವ್ ಅವರ ನಿರ್ದೇಶನದಲ್ಲಿ ಸುಬ್ಬಯ್ಯನಾಯ್ಡು ಮತ್ತು ತ್ರಿಪುರಾಂಬ ನಟಿಸಿದ 'ಸತಿ ಸುಲೋಚನಾ' ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಿತ್ರಭಂಡಾರ ಹುಟ್ಟಿದ್ದು 1964ರಲ್ಲಿ, ಪಿ.ಕೆ. ನಾಯರ್ ಊರೂರು ಅಲೆದು ಫಿಲ್ಮು ಕೂಡಿಸಿದರು. ಆ ಹೊತ್ತಿಗೆ ಎಷ್ಟೋ ಪ್ರತಿಗಳನ್ನು ಅದರಲ್ಲಿರುವ ಬೆಳ್ಳಿಗಾಗಿ ಕರಗಿಸಿಯಾಗಿತ್ತು.

ಈಗ ನನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಹರಿದ ತುಂಡುಗಳಿಂದ ನಮಗೆ ತೃಪ್ತಿಯಾಗುತ್ತಿರಲಿಲ್ಲ. ಒಂದು ಕಟ್ಟು ಬೀಡಿಯನ್ನೋ ಮನೆಯಿಂದ ಕದ್ದ ಬೆಲ್ಲವನ್ನೋ ಒಯ್ದು ಕೊಟ್ಟು, "ಇನ್ನೊಂದು ಗೇಣು ಹಾಕಣ್ಣ" ಎಂದು ಪೀಡಿಸುತ್ತಿದ್ದೆವು. ಕೂಡಿಸುವ ನೆವದಲ್ಲಿ ಆತ ಒಂದು ಗೇಣು ಹೆಚ್ಚಾಗಿಯೇ ಕತ್ತರಿಸುತ್ತಿದ್ದ. ಮುಂದಿನ ಆಟದಲ್ಲಿ ತಿರುಗಬೇಕಾದ ತಲೆ ತಿರುಗದೆಯೇ ಅತ್ತ ಇರುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಒಂದೊಂದು ಊರಿನಲ್ಲಿಯೂ ನಮ್ಮಂಥ ಹುಡುಗರಿದ್ದರಲ್ಲವೆ? ಗೇಣು ಗೇಣಾಗಿ ಎಷ್ಟು ಚಿತ್ರಗಳನ್ನು ತಿಂದೆವೋ!

2011ರಲ್ಲಿ ಆರಿ, ಪ್ಯಾನವಿಜನ್ ಮೊದಲಾದ ಹೆಸರಾಂತ ಕಂಪನಿಗಳು ಫಿಲ್ಮಿನ ಕ್ಯಾಮೆರಾ ಮಾಡುವುದನ್ನು ನಿಲ್ಲಿಸಿದುವೆಂಬ ಸುದ್ದಿ ಬಂತು. ಅದೇ ವರ್ಷ ಲಂಡನ್ನಿನ ಟೇಟ್ ಮಾಡರ್ನ್ ಕಲಾಭವನದಲ್ಲಿ ಟಸೀಟಾ ಡೀನ್ ಎಂಬ ಕಲಾವಿದೆ 'ಫಿಲ್ಮ್' ಎಂಬ ಹೆಸರಿನ 11 ನಿಮಿಷದ ಚಿತ್ರವನ್ನು 13 ಮೀಟರ್ ಎತ್ತರದ ತೆರೆಯ ಮೇಲೆ ತೋರಿಸಿದಳು. ಪಕ್ಕದ ತೂತುಗಳು ಸಹಿತ, ಫಿಲ್ಮಿನ ಪಟ್ಟಿಯೇ ಎದ್ದು ನಿಂತಂತೆ. ಅದೊಂದು ಬಗೆಯ ಅಳಲು. ನಮ್ಮ ಪಟ್ಟಣಗಳಲ್ಲಿ ಅಳಲು ಕೇಳುವಷ್ಟು ಸದ್ದೂ ಆಗಲಿಲ್ಲ. ಡೇರೆ ಹೋದ ಮೇಲೆ ಆಪರೇಟರಣ್ಣ ತಾಲ್ಲೂಕಿನ ಒಂದು ಚಿತ್ರಮಂದಿರವನ್ನು ಸೇರಿದ್ದ. ಅಲ್ಲಿಗೆ ಗುಂಡಿ ಒತ್ತಿದರೆ ಓಡುವ ಹೊಸ ಯಂತ್ರ ಬಂದಾಗ ಅವನಿಗೆ ವಯಸ್ಸಾಗಿತ್ತು. ನಾನು ಕಡೆಯ ಸಲ ಕಂಡಾಗ, "ಈಗ ಹರಿಯೋದೇ ಇಲ್ಲ ಮರಿ, ಒಳ್ಳೇದೇ ಆಯ್ತು" ಎಂದ. ಮರಿಗೆ ಆಗಲೇ ತಲೆ ನರೆತಿತ್ತು. ಆತ ಮಾತನಾಡುತ್ತಿರುವಾಗ ಹೆಬ್ಬೆರಳೂ ತೋರುಬೆರಳೂ ಏನನ್ನೋ ತಡವಿ ನೋಡುತ್ತಿದ್ದುವು.

ಹೋದ ತಿಂಗಳು ಅಟ್ಟ ಗುಡಿಸುವಾಗ ನನ್ನ ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಹುಳಿ ಹೆಂಡದಂಥ ವಾಸನೆ. ಫಿಲ್ಮು ಕೆಡುವ ಕಾಲದ ವಾಸನೆ ಅದು. ತುಂಡುಗಳೆಲ್ಲ ಸುರುಟಿಕೊಂಡು ಒಂದಕ್ಕೊಂದು ಅಂಟಿದ್ದುವು. ಒಂದು ಮಾತ್ರ ಬಿಡಿಸಿದರೆ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ. ಒಬ್ಬ ಹೆಂಗಸು, ಯಾರೆಂದು ಗೊತ್ತಿಲ್ಲ, ಯಾವ ಚಿತ್ರವೆಂದು ಗೊತ್ತಿಲ್ಲ. ಎಣಿಸಿದೆ; 12 ಚೌಕ. ಒಂದು ಗೇಣು, ಅರ್ಧ ಸೆಕೆಂಡು. ಮೊದಲ ಚೌಕವನ್ನೂ ಕೊನೆಯ ಚೌಕವನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಮೊದಲನೆಯದರಲ್ಲಿ ಆಕೆ ನೆಲವನ್ನು ನೋಡುತ್ತಿದ್ದಾಳೆ. ಕೊನೆಯದರಲ್ಲಿ ಕಣ್ಣು ಸ್ವಲ್ಪ ಮೇಲೆದ್ದಿದೆ. ವ್ಯತ್ಯಾಸ ಕಾಣುತ್ತದೆ, ಆಪರೇಟರಣ್ಣನಿಗೆ ಹೇಳೋಣವೆಂದರೆ ಅವನಿಲ್ಲ.

ತುಂಡನ್ನು ಒಂದು ಕಾಗದದಲ್ಲಿ ಸುತ್ತಿ ಪುಣೆಯ ಚಿತ್ರಭಂಡಾರದ ವಿಳಾಸ ಬರೆದಿಟ್ಟಿದ್ದೇನೆ. ಅರ್ಧ ಸೆಕೆಂಡನ್ನು ಯಾರಾದರೂ ಅಂಚೆಯಲ್ಲಿ ಕಳಿಸುತ್ತಾರೆಯೇ ಎಂದು ಮನೆಯಾಕೆ ನಗುತ್ತಿದ್ದಾಳೆ. ಕಳಿಸುವವನೇ ಇದ್ದೇನೆ. ಆ ಅರ್ಧ ಸೆಕೆಂಡು ನನ್ನದಲ್ಲ.